ಬಂದಿದ್ದನ್ನ ಬರಿ

ಪೀಣ್ಯದ ಒಂದು ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ ಒಂಬತ್ತು ವರ್ಷ ದುಡಿದಿದ್ದೇನೆ. ಹುದ್ದೆಯ ಹೆಸರು ಕೆಮಿಸ್ಟ್. ಊರಿಗೆ ಹೋದಾಗಲೆಲ್ಲ ದೊಡ್ಡಮ್ಮ ಅಮ್ಮನನ್ನು ಕೇಳುತ್ತಿದ್ದರು, "ನಿನ್ನ ಮಗಳು ಕೆಮಿಸ್ಟಂತೆ, ಮೆಡಿಕಲ್ ಶಾಪ್ ಎಲ್ಲಿ ಹಾಕಿದಾಳೆ?" ಅವರದೇನೂ ತಪ್ಪಿಲ್ಲ. ನಮ್ಮ ಕಡೆ ಕೆಮಿಸ್ಟ್ ಅಂದರೆ ಔಷಧಿ ಅಂಗಡಿಯೇ. ನೈಜೀರಿಯಾದಲ್ಲೂ ಹಾಗೇ. ಬೀದಿ ಮೂಲೆಯ ಪುಟ್ಟ ಔಷಧಿ ಅಂಗಡಿಯನ್ನು ಅಲ್ಲಿನ ಜನ ಕೆಮಿಸ್ಟ್ ಅಂತಲೇ ಕರೆಯುತ್ತಾರೆ. ಇಬ್ಬರಿಗೂ ಬ್ರಿಟಿಷರು ಬಿಟ್ಟುಹೋದ ಪದ.

ಕೆಲಸಕ್ಕೆ ಸೇರಿದ ಮೊದಲ ವಾರ ಒಂದು ಮಾತ್ರೆಯಲ್ಲಿ ಇರಬೇಕಾದಷ್ಟು ಔಷಧ ಇದೆಯಾ ಅಂತ ನೋಡುವ ಪರೀಕ್ಷೆಯಲ್ಲಿ ನನಗೆ ನೂರಕ್ಕೆ 94.2 ಬಂತು. ಪಾಸಾಗಲು 95 ಬೇಕು. ಪೆನ್ನು ಹಿಡಿದುಕೊಂಡು ಸುಮ್ನೆ ಕೂತಿದ್ದೆ. ಲ್ಯಾಬ್ ನೋಡಿಕೊಳ್ಳುತ್ತಿದ್ದ ಮೇಡಂ ಹಿಂದೆ ಬಂದು ನಿಂತರು. "ನೋಡಮ್ಮಾ, ಬಂದಿದ್ದನ್ನ ಬರಿ. ಬರಬೇಕಾಗಿದ್ದನ್ನ ಬರೀಬೇಡ" ಅಂದರು. ಅಷ್ಟೇ ಹೇಳಿ ಚಹಾ ಕುಡಿಯಲು ಹೋದರು. ಎಂ.ಎಸ್‌ಸಿ.ಯ ಎರಡು ವರ್ಷದಲ್ಲಿ ನನಗೆ ಯಾರೂ ಇಷ್ಟು ಕೆಲಸಕ್ಕೆ ಬರುವ ಪಾಠ ಹೇಳಿರಲಿಲ್ಲ.

ನೈಜೀರಿಯಾಕ್ಕೆ ಹೋಗುವ ಬ್ಯಾಚ್ ಅಂದರೆ ನಮಗೆಲ್ಲ ತಲೆನೋವು. ಡಬ್ಬಿಯ ಮೇಲೆ ನಾಫ್ಡಾಕ್ ನಂಬರ್ ಅಚ್ಚಾಗಿರಬೇಕು. ಅದು ಅಲ್ಲಿನ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ. ನಾವು ಪರೀಕ್ಷೆ ಮಾಡಿ ಪಾಸ್ ಮಾಡಿದ ಮಾಲನ್ನು, ಹಡಗು ಹತ್ತುವ ಮುಂಚೆ, ಅವರು ಭಾರತದಲ್ಲೇ ನೇಮಿಸಿಕೊಂಡ ಬೇರೆಯವರು ಮತ್ತೆ ಪರೀಕ್ಷೆ ಮಾಡಬೇಕು. ನಮಗೆ ಮೈಯೆಲ್ಲ ಉರಿ. ನಾವೇನು ಕಳ್ಳರಾ? ಒಂದು ದಿನ ನಾನು ಹಾಗೇ ಗೊಣಗಿದಾಗ ಮೇಡಂ ನಕ್ಕರು. "ಅಲ್ಲೊಬ್ಬ ಹೆಂಗಸು ಕೂತಿದ್ದಾಳೆ ಕಣೆ. ಅವಳ ತಂಗಿ ಸುಳ್ಳು ಇನ್ಸುಲಿನ್ನಿಂದ ಸತ್ತಳಂತೆ. ಅವಳು ಯಾರನ್ನೂ ನಂಬೋದಿಲ್ಲ."

ಆ ಹೆಂಗಸಿನ ಹೆಸರು ಡೋರಾ ಅಕುನ್ಯಿಲಿ. ಅವರ ಬಗ್ಗೆ ಬರೆಯಬೇಕು ಅಂದುಕೊಂಡು ಹತ್ತು ವರ್ಷವೇ ಆಗಿರಬೇಕು.

ಅವರು ಹುಟ್ಟಿದ್ದು 1954ರ ಜುಲೈ 14ರಂದು, ಬೆನ್ಯೂ ರಾಜ್ಯದ ಮಕುರ್ಡಿಯಲ್ಲಿ. ಮನೆತನದ ಊರು ಅನಂಬ್ರಾ ರಾಜ್ಯದ ನಾಂಕಾ. ಇಗ್ಬೋ ಜನ. ಅವರಿಗೆ ಹದಿಮೂರು ತುಂಬುವ ಹೊತ್ತಿಗೆ, ಇಗ್ಬೋ ನಾಡು ಬಯಾಫ್ರಾ ಅಂತ ಬೇರೆ ದೇಶವಾಗಲು ಹೊರಟು, ಬಯಾಫ್ರಾ ಯುದ್ಧ ಶುರುವಾಯಿತು. 1967ರಿಂದ 1970ರವರೆಗೆ ಇಗ್ಬೋ ನಾಡು ಹಸಿವಿನಿಂದ ಸತ್ತಿತು. ಆ ವಯಸ್ಸಿನ ಹುಡುಗಿ ಅದನ್ನೆಲ್ಲ ದಾಟಿ 1973ರಲ್ಲಿ ಶಾಲೆ ಮುಗಿಸಿದಳು. ಎನ್ಸುಕ್ಕಾದ ನೈಜೀರಿಯಾ ವಿಶ್ವವಿದ್ಯಾಲಯದಲ್ಲಿ 1978ರಲ್ಲಿ ಬಿ.ಫಾರ್ಮ್, 1985ರಲ್ಲಿ ಪಿಎಚ್.ಡಿ. ಸಂಶೋಧನೆ ನಾಟಿ ಔಷಧಿಗಳ ಬಗ್ಗೆ. ಯಾವ ಬೇರು, ಯಾವ ಎಲೆ, ಅದರೊಳಗೆ ಏನಿದೆ, ಅದು ಮೈಯಲ್ಲಿ ಏನು ಮಾಡುತ್ತೆ. ನಡುವೆ ಎನುಗು ನಗರದ ಬೋಧನಾ ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್ ಕೆಲಸ, ಆಮೇಲೆ ಪಾಠ ಹೇಳುವ ಕೆಲಸ. ಗಂಡ ಚಿಕೆ ಅಕುನ್ಯಿಲಿ ಡಾಕ್ಟರು. ಆರು ಮಕ್ಕಳು. ಇಲ್ಲಿಯವರೆಗಿನ ಬದುಕು ಮೈಸೂರಿನಲ್ಲೋ ಧಾರವಾಡದಲ್ಲೋ ಪಾಠ ಹೇಳುವ ಯಾವ ಮೇಡಮ್ಮಿಗಿಂತ ಬೇರೆಯಲ್ಲ.

1988ರಲ್ಲಿ ತಂಗಿ ವಿವಿಯನ್ ತೀರಿಕೊಂಡರು. ಸಕ್ಕರೆ ಕಾಯಿಲೆ ಇತ್ತು. ಕೊಟ್ಟ ಇನ್ಸುಲಿನ್ ನಕಲಿ. ಅಕ್ಕ ಔಷಧ ಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದವರು, ಭಾವ ವೈದ್ಯರು. ಮನೆಯಲ್ಲಿ ಇಷ್ಟೆಲ್ಲ ವಿದ್ಯೆ ಇದ್ದೂ ಸೀಸೆಯೊಳಗೆ ಏನಿದೆ ಅಂತ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗುವುದಾದರೂ ಹೇಗೆ? ಲೇಬಲ್ ಸರಿಯಾಗಿತ್ತು.

ಅವರಿಗೆ ಕೆಲಸ ಸಿಕ್ಕಿದ ಕಥೆ ನನಗೆ ತುಂಬಾ ಇಷ್ಟ. 1990ರ ದಶಕದ ಕೊನೆಗೆ ಅವರು ಪೆಟ್ರೋಲಿಯಂ ಟ್ರಸ್ಟ್ ಫಂಡ್ ಎಂಬ ಸರ್ಕಾರಿ ಸಂಸ್ಥೆಯಲ್ಲಿದ್ದರು. ಆಪರೇಷನ್ ಆಗಬೇಕು ಅಂತ ಸಂಸ್ಥೆ ಅವರನ್ನು ಲಂಡನ್‌ಗೆ ಕಳಿಸಿತು. ಕೊಟ್ಟಿದ್ದು 17,000 ಪೌಂಡ್. ಅಲ್ಲಿನ ವೈದ್ಯರು ನೋಡಿ, ಆಪರೇಷನ್ ಬೇಡ ಅಂದರು. ಇವರು ವಾಪಸ್ ಬಂದು ಉಳಿದ 12,000 ಪೌಂಡ್ ಕಟ್ಟಿಬಿಟ್ಟರು. ನಮ್ಮ ಕಡೆ ಟಿ.ಎ. ಬಿಲ್ಲಿನಲ್ಲಿ ಆಟೋ ಚಾರ್ಜ್ ಜಾಸ್ತಿ ತೋರಿಸುವುದು ಎಷ್ಟು ಸಹಜವೋ, ಅಲ್ಲಿ ಆ ದುಡ್ಡು ಇಟ್ಟುಕೊಳ್ಳುವುದು ಅಷ್ಟೇ ಸಹಜವಾಗಿತ್ತು. ಈ ಸುದ್ದಿ ಬಾಯಿಂದ ಬಾಯಿಗೆ ಹರಡಿ ಅಧ್ಯಕ್ಷ ಒಬಸಾಂಜೊ ಕಿವಿಗೂ ಬಿತ್ತು. 2001ರ ಏಪ್ರಿಲ್‌ನಲ್ಲಿ ಅವರನ್ನು ನಾಫ್ಡಾಕ್‌ನ ಮುಖ್ಯಸ್ಥೆ ಮಾಡಿದರು. ಖರ್ಚು 5,000 ಆಯಿತು, 5,000 ಅಂತ ಬರೆದರು. ಮೇಡಂ ಹೇಳಿದ್ದೂ ಇದನ್ನೇ ತಾನೇ.

ಆಗ ಅಲ್ಲಿನ ಔಷಧ ಮಾರುಕಟ್ಟೆ ಹೇಗಿತ್ತು ಅಂತ ಸ್ವಲ್ಪ ಹೇಳಬೇಕು. 1990ರಲ್ಲಿ ಇಬಾಡಾನ್ ಮತ್ತು ಜೋಸ್ ನಗರಗಳಲ್ಲಿ ಪ್ಯಾರಾಸಿಟಮಾಲ್ ಸಿರಪ್ ಕುಡಿದು ನೂರಕ್ಕೂ ಹೆಚ್ಚು ಮಕ್ಕಳು ಸತ್ತಿದ್ದರು. 1995ರಲ್ಲಿ ಪಕ್ಕದ ನೈಜರ್ ದೇಶದಲ್ಲಿ ಮೆದುಳು ಜ್ವರ ಹಬ್ಬಿದಾಗ ನೈಜೀರಿಯಾ ದಾನವಾಗಿ ಲಸಿಕೆ ಕಳಿಸಿತು. ಅದೇ ನಕಲಿ. ದಾನ ಕೊಟ್ಟ ಸರ್ಕಾರಕ್ಕೂ ಗೊತ್ತಿರಲಿಲ್ಲ. ಸತ್ತವರ ಅಂದಾಜು 2,500. ಅಕುನ್ಯಿಲಿ ಬಂದ ಮೇಲೆ ಇಂಜೆಕ್ಷನ್ ಪುಡಿ ಕಲಸುವ ನೀರಿನ 149 ಬ್ರ್ಯಾಂಡ್‌ಗಳನ್ನು ಪರೀಕ್ಷೆಗೆ ಹಾಕಿಸಿದರು. 147ರಲ್ಲಿ ಸೂಕ್ಷ್ಮಜೀವಿಗಳಿದ್ದವು. ಬರೀ ನೀರು! ಲ್ಯಾಬಿನಲ್ಲಿ ಕೆಲಸ ಮಾಡಿದವರಿಗೆ ಈ ಸಂಖ್ಯೆ ಓದಿದರೆ ಹೊಟ್ಟೆಯಲ್ಲಿ ಕಲೆಸುತ್ತದೆ. ಎರಡು ಬ್ಯಾಚ್ ಫೇಲ್ ಆದರೆ ಅದು ತಪ್ಪು. 149ರಲ್ಲಿ ಎರಡೇ ಪಾಸಾದರೆ ಅಲ್ಲಿ ಯಾರೂ ನೋಡುತ್ತಲೇ ಇಲ್ಲ ಅಂತ ಅರ್ಥ.

ಮಾಲು ಎಲ್ಲಿಂದ ಬರುತ್ತಿತ್ತು? ಚೀನಾದಿಂದ. ನಮ್ಮಿಂದಲೂ. ಇದನ್ನು ಬರೆಯಲು ಕೈ ಹಿಂದೇಟು ಹಾಕುತ್ತದೆ, ಆದರೆ ಬಂದಿದ್ದನ್ನು ಬರೆಯಬೇಕಲ್ಲ. ಲಾಗೋಸಿನ ವ್ಯಾಪಾರಿ ಇಲ್ಲಿಗೆ ಬಂದು, 250 ಮಿಲಿಗ್ರಾಂ ಇರಬೇಕಾದಲ್ಲಿ 50 ಹಾಕಿ, ರೇಟು ಕಡಿಮೆ ಮಾಡಿ ಅಂದರೆ ಮಾಡಿಕೊಡುವವರು ಇಲ್ಲಿದ್ದರು. ಅಕುನ್ಯಿಲಿ ಭಾರತ ಮತ್ತು ಚೀನಾದ ಹಲವು ಕಂಪನಿಗಳನ್ನು ಕಪ್ಪುಪಟ್ಟಿಗೆ ಸೇರಿಸಿದರು. ಎಲ್ಲೆಂದರಲ್ಲಿ ಔಷಧಿ ಇಳಿಸುವಂತಿಲ್ಲ, ಆಪಾಪಾ ಮತ್ತು ಕಲಾಬಾರ್ ಬಂದರು, ಲಾಗೋಸ್ ಮತ್ತು ಕಾನೋ ವಿಮಾನ ನಿಲ್ದಾಣ, ಈ ನಾಲ್ಕೇ ಬಾಗಿಲು ಅಂದರು. ಹಡಗು ಹತ್ತುವ ಮುಂಚೆಯೇ ಪರೀಕ್ಷೆ ಅಂತ ಇಲ್ಲಿ ತಮ್ಮ ಕಡೆಯವರನ್ನು ಕೂರಿಸಿದರು. ನಮ್ಮ ತಲೆನೋವು ಶುರುವಾಗಿದ್ದು ಅಲ್ಲಿಂದ.

ಸಿಕ್ಕ ನಕಲಿ ಮಾಲನ್ನು ಊರ ಹೊರಗೆ ರಾಶಿ ಹಾಕಿ, ಕ್ಯಾಮೆರಾ ಕರೆಸಿ, ಎಲ್ಲರೆದುರು ಸುಡುತ್ತಿದ್ದರು. ರೇಡಿಯೊದಲ್ಲಿ ಹಾಡು, ಶಾಲೆಗಳಲ್ಲಿ ಮಕ್ಕಳ ಸಂಘ. ಡಬ್ಬಿ ತಿರುಗಿಸಿ ನಾಫ್ಡಾಕ್ ನಂಬರ್ ನೋಡುವುದು ಅಲ್ಲಿನ ಜನರಿಗೆ ಅಭ್ಯಾಸವಾಯಿತು. ಬ್ರೆಡ್ ಉಬ್ಬಿಸಲು ಹಾಕುವ ಪೊಟ್ಯಾಸಿಯಂ ಬ್ರೋಮೇಟ್ ಹಿಂದೆಯೂ ಬಿದ್ದರು, ಪ್ಲಾಸ್ಟಿಕ್ ಪೊಟ್ಟಣದ ಕುಡಿಯುವ ನೀರಿನ ಹಿಂದೆಯೂ ಬಿದ್ದರು. ನಾಫ್ಡಾಕ್ ಲೆಕ್ಕದಲ್ಲಿ, 2001ರಲ್ಲಿ ನೂರಕ್ಕೆ 40ಕ್ಕಿಂತ ಹೆಚ್ಚಿದ್ದ ನಕಲಿ ಔಷಧಿ 2006ರ ಹೊತ್ತಿಗೆ 17ರ ಆಸುಪಾಸಿಗೆ ಇಳಿಯಿತು. ತನ್ನ ಕೆಲಸವನ್ನು ತಾನೇ ಅಳೆದುಕೊಂಡ ಸಂಖ್ಯೆ ಇದು, ಹಾಗಾಗಿ ನಾನು ಪೂರ್ತಿ ತಲೆ ಮೇಲೆ ಹೊತ್ತುಕೊಳ್ಳುವುದಿಲ್ಲ. ಆದರೆ ಅವರ ಮೇಲೆ ಬಿದ್ದ ಸಿಟ್ಟು ನೋಡಿದರೆ ಅಳತೆ ಬೇರೆ ಬೇಕಾಗಿಲ್ಲ.

ಸಿಟ್ಟು ಬಂದದ್ದು ಮುಖ್ಯವಾಗಿ ಅವರ ಊರಿನವರಿಗೆ. ಔಷಧಿ ವ್ಯಾಪಾರದ ದೊಡ್ಡ ಸಂತೆಗಳಲ್ಲಿ ಒಂದು ಓನಿಚಾದಲ್ಲಿದೆ, ಇನ್ನೊಂದು ಆಬಾದಲ್ಲಿ. ಎರಡೂ ಇಗ್ಬೋ ನಾಡು. ಓನಿಚಾ ಅಂತೂ ಅವರದೇ ಅನಂಬ್ರಾ ರಾಜ್ಯ. ವ್ಯಾಪಾರಿಗಳಲ್ಲಿ ಅವರ ಜನವೇ ಹೆಚ್ಚು. ಸ್ವಂತದವರ ಹೊಟ್ಟೆ ಮೇಲೆ ಹೊಡೆಯುತ್ತಿದ್ದಾಳೆ ಅನ್ನುವ ಮಾತು ಬಂತು. 2003ರ ಡಿಸೆಂಬರ್ 26ರಂದು, ಕ್ರಿಸ್‌ಮಸ್ಸಿನ ಮರುದಿನ, ಅನಂಬ್ರಾದಲ್ಲಿ ಅವರ ಕಾರಿನ ಮೇಲೆ ಗುಂಡು ಹಾರಿಸಿದರು. ಗುಂಡು ತಲೆಗೆ ಸುತ್ತಿದ್ದ ಬಟ್ಟೆಯನ್ನು ತೂರಿಕೊಂಡು, ನೆತ್ತಿ ಸವರಿ ಹೋಯಿತು. ಅಲ್ಲೇ ಹೋಗುತ್ತಿದ್ದ ಬಸ್ಸಿನ ಡ್ರೈವರ್ ಸತ್ತ. ಇಗ್ಬೋ ಹೆಂಗಸರು ಕಟ್ಟುವ ಆ ತಲೆವಸ್ತ್ರ ನಮ್ಮ ಪೇಟದ ಹಾಗೆ, ಒಂದು ಗೇಣು ಎತ್ತರ ಇರುತ್ತದೆ. ಗುರಿ ಇಟ್ಟವನಿಗೆ ತಲೆ ಎಲ್ಲಿ ಮುಗಿದು ಬಟ್ಟೆ ಎಲ್ಲಿ ಶುರುವಾಗುತ್ತೆ ಅಂತ ತಿಳಿಯಲಿಲ್ಲವೋ ಏನೋ. ಮೂರು ತಿಂಗಳೂ ಆಗಲಿಲ್ಲ, 2004ರ ಮಾರ್ಚ್‌ನಲ್ಲಿ ನಾಫ್ಡಾಕ್‌ನ ಲಾಗೋಸ್ ಕಟ್ಟಡಕ್ಕೆ ಬೆಂಕಿ ಬಿತ್ತು.

ಅವರು ಬಿಡಲಿಲ್ಲ. 2007ರಲ್ಲಿ ಓನಿಚಾದ ಔಷಧಿ ಸಂತೆಗೆ ಪೊಲೀಸರು, ಸೈನಿಕರ ಸಮೇತ ಹೋಗಿ ತಿಂಗಳುಗಟ್ಟಲೆ ಬೀಗ ಹಾಕಿದರು. ನಕಲಿ ಮಾಲು ಲಾರಿಗಟ್ಟಲೆ ಹೊರಬಂತು. ಭ್ರಷ್ಟಾಚಾರದ ವಿರುದ್ಧ ಕೆಲಸ ಮಾಡುವ ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ ಸಂಸ್ಥೆ 2003ರಲ್ಲೇ ಪ್ರಾಮಾಣಿಕತೆಗಾಗಿ ಪ್ರಶಸ್ತಿ ಕೊಟ್ಟಿತ್ತು. ಆಮೇಲೆ ಬಂದ ಪ್ರಶಸ್ತಿಗಳಿಗೆ ಲೆಕ್ಕವಿಲ್ಲ, ಅದನ್ನೆಲ್ಲ ಬರೆಯುತ್ತಾ ಕೂರುವುದಿಲ್ಲ.

ಅವರ ಅವಧಿಯ ಕೊನೆಯ ತಿಂಗಳುಗಳ ಬಗ್ಗೆ ಮಾತ್ರ ಬರೆಯಲೇಬೇಕು. 2008ರ ನವೆಂಬರ್. ಹಲ್ಲು ಬರುವ ಮಕ್ಕಳಿಗೆ ಕೊಡುವ ಒಂದು ಸಿರಪ್. ಹೆಸರು 'ಮೈ ಪಿಕಿನ್'. ಪಿಕಿನ್ ಅಂದರೆ ಅಲ್ಲಿನ ಆಡುಮಾತಿನಲ್ಲಿ ಮಗು, ಕೂಸು. ನಮ್ಮಲ್ಲಿ ಒಂದು ಔಷಧಿಗೆ 'ನನ್ ಕಂದ' ಅಂತ ಹೆಸರಿಟ್ಟ ಹಾಗೆ. ಅದನ್ನು ಕುಡಿದ 84 ಮಕ್ಕಳು ಸತ್ತವು. ಸಿರಪ್ ಮಾಡಿದವರು ಲಾಗೋಸಿನ ಲೈಸೆನ್ಸ್ ಇಲ್ಲದ ವ್ಯಾಪಾರಿಯಿಂದ ಪ್ರೊಪಿಲೀನ್ ಗ್ಲೈಕಾಲ್ ಅಂತ ಕೊಂಡು ತಂದಿದ್ದರು. ಅದರಲ್ಲಿ ಇದ್ದದ್ದು ಡೈಇಥಿಲೀನ್ ಗ್ಲೈಕಾಲ್. ಎರಡೂ ನೋಡಲು ಒಂದೇ. ಬಣ್ಣವಿಲ್ಲ, ಮಂದ, ನಾಲಿಗೆಗೆ ಸಿಹಿ. ಒಂದನ್ನು ಸಿರಪ್ಪಿಗೆ ಹಾಕಬಹುದು. ಇನ್ನೊಂದು ಗಾಡಿಗಳ ಬ್ರೇಕ್ ಆಯಿಲಿಗೆ ಹಾಕುವಂಥದ್ದು, ಹೊಟ್ಟೆಗೆ ಹೋದರೆ ಕಿಡ್ನಿ ಕೈಕೊಡುತ್ತದೆ, ಮಗು ಉಚ್ಚೆ ಹೊಯ್ಯುವುದು ನಿಲ್ಲಿಸುತ್ತದೆ. ಎರಡನ್ನೂ ಬೇರೆ ಮಾಡಿ ಹೇಳುವುದು ಕಣ್ಣಲ್ಲ, ಪರೀಕ್ಷೆ. ಬಂದ ಪ್ರತಿ ಡ್ರಮ್ಮಿನಿಂದಲೂ ಒಂದಿಷ್ಟು ತೆಗೆದು ನೋಡಬೇಕು. ನಾನು ಆ ಕೆಲಸ ಮಾಡಿದ್ದೇನೆ. ಬೇಸರದ ಕೆಲಸ. ಇಪ್ಪತ್ತು ಡ್ರಮ್ ಬಂದರೆ ಇಪ್ಪತ್ತನ್ನೂ ತೆರೆಯಬೇಕು. ಎರಡು ತೆರೆದು ಇಪ್ಪತ್ತಕ್ಕೂ ಸಹಿ ಹಾಕಿದರೆ ಸಂಜೆ ಬೇಗ ಮನೆಗೆ ಹೋಗಬಹುದು. ಒಮ್ಮೆ ಒಬ್ಬ ಮ್ಯಾನೇಜರ್ ನನಗೆ ಹಾಗೇ ಮಾಡಲು ಹೇಳಿದ್ದರು. ಮಾಡಲಿಲ್ಲ. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ, ಮೇಡಂ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು.

ಏಳು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದವರ ಕಾವಲಿನಲ್ಲೇ ಇದು ನಡೆಯಿತು. ಈ ಸಲ ಬೈಯಲು ಭಾರತವೂ ಇರಲಿಲ್ಲ, ಚೀನಾವೂ ಇರಲಿಲ್ಲ. ಕಾರ್ಖಾನೆ ಅವರದೇ ದೇಶದ್ದು. ಅಕುನ್ಯಿಲಿ ಅದನ್ನು ಮುಚ್ಚಿಸಿದರು. ಅದಾಗಿ ಕೆಲವೇ ವಾರಗಳಲ್ಲಿ, 2008ರ ಡಿಸೆಂಬರ್‌ನಲ್ಲಿ, ಮಂತ್ರಿಯಾದರು.

ಯಾವ ಖಾತೆ? ಆರೋಗ್ಯ ಕೊಡಬಹುದಿತ್ತು, ವಿಜ್ಞಾನ ಕೊಡಬಹುದಿತ್ತು. ಅಧ್ಯಕ್ಷ ಯಾರ್‌ಆದುವಾ ಕೊಟ್ಟದ್ದು ವಾರ್ತಾ ಮತ್ತು ಸಂಪರ್ಕ ಖಾತೆ. ಜನಪ್ರಿಯ ಮುಖ, ಚೆನ್ನಾಗಿ ಮಾತಾಡುತ್ತಾರೆ, ಟಿವಿಯಲ್ಲಿ ನಂಬುವ ಹಾಗಿದ್ದಾರೆ. ಸರ್ಕಾರಕ್ಕೆ ಬೇಕಾಗಿದ್ದು ಅದು. 2009ರ ಮಾರ್ಚ್‌ನಲ್ಲಿ ಅವರು ನೈಜೀರಿಯಾದ ಹೆಸರು ಚೆನ್ನಾಗಿ ಮಾಡುವ ಒಂದು ದೊಡ್ಡ ಪ್ರಚಾರ ಶುರು ಮಾಡಿದರು. ಹೊಸ ಚಿಹ್ನೆ, ಹೊಸ ಘೋಷಣೆ. 'ಒಳ್ಳೆಯ ಜನ, ದೊಡ್ಡ ದೇಶ' ಅಂತ ಅದರ ಅರ್ಥ. ಜನ ನಕ್ಕರು. ಮೊದಲು ಕರೆಂಟ್ ಕೊಡಿ, ಆಮೇಲೆ ಹೆಸರು ಅಂದರು. ಆ ವರ್ಷವೇ ದಕ್ಷಿಣ ಆಫ್ರಿಕಾದಲ್ಲಿ ನಡೆಯುವ ಅನ್ಯಗ್ರಹದವರ ಕಥೆಯ ಸಿನಿಮಾವೊಂದರಲ್ಲಿ ನೈಜೀರಿಯಾದವರನ್ನು ರೌಡಿಗಳು, ನರಭಕ್ಷಕರು ಅನ್ನುವಂತೆ ತೋರಿಸಿದ್ದಾರೆ ಅಂತ ಥಿಯೇಟರಿನವರಿಗೆ ಅದನ್ನು ಹಾಕಬೇಡಿ ಎಂದು ಹೇಳಿದರು. ಅವರ ಸಿಟ್ಟು ನನಗೆ ಅರ್ಥವಾಗುತ್ತೆ. ಆದರೂ ಈ ಭಾಗ ಓದುವಾಗ ಬೇಜಾರು. ನಮ್ಮಲ್ಲಿ 'ಮೇಲೆ ಥಳಕು ಒಳಗೆ ಹುಳುಕು' ಅನ್ನುತ್ತಾರಲ್ಲ, ಅದನ್ನು ಹಿಡಿಯುವುದೇ ಜೀವನದ ಕೆಲಸ ಮಾಡಿಕೊಂಡವರ ಕೈಗೆ ಲೇಬಲ್ ಅಂಟಿಸುವ ಕೆಲಸ ಕೊಟ್ಟುಬಿಟ್ಟರು. ಅವರು ಅದನ್ನೂ ಶ್ರದ್ಧೆಯಿಂದಲೇ ಮಾಡಿದರು. ನನಗೆ ಬೇಜಾರು ಆಗುವುದೇ ಅದಕ್ಕೆ.

2009ರ ನವೆಂಬರ್‌ನಲ್ಲಿ ಅಧ್ಯಕ್ಷರು ಚಿಕಿತ್ಸೆಗೆ ಸೌದಿ ಅರೇಬಿಯಾಕ್ಕೆ ಹೋದರು. ಅಧಿಕಾರ ಯಾರಿಗೂ ವಹಿಸಿ ಹೋಗಲಿಲ್ಲ. ಡಿಸೆಂಬರ್ ಕಳೆಯಿತು, ಜನವರಿಯೂ ಕಳೆಯಿತು. ದೇಶದ ಯಜಮಾನ ಎಲ್ಲಿದ್ದಾನೆ, ಹೇಗಿದ್ದಾನೆ ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಜನವರಿ ಕೊನೆಯಲ್ಲಿ ಮಂತ್ರಿಮಂಡಲ ಸೇರಿ, ಅಧ್ಯಕ್ಷರು ಅಸಮರ್ಥರೇನೂ ಆಗಿಲ್ಲ ಅಂತ ನಿರ್ಣಯ ಮಾಡಿತು. ಸರ್ಕಾರದ ಪರವಾಗಿ ಮಾತಾಡುವ ಖಾತೆ ಅಕುನ್ಯಿಲಿಯದೇ. ಒಂದು ವಾರ ಕಳೆಯಿತು. ಫೆಬ್ರವರಿ 3ರ ಸಭೆಗೆ ಅವರು ಒಂದು ಟಿಪ್ಪಣಿ ಬರೆದು ತಂದರು. ಉಪಾಧ್ಯಕ್ಷ ಗುಡ್‌ಲಕ್ ಜೋನಾಥನ್ ಅವರನ್ನು ಹಂಗಾಮಿ ಅಧ್ಯಕ್ಷರನ್ನಾಗಿ ಮಾಡಬೇಕು ಎಂದು ಅದರಲ್ಲಿತ್ತು. ಎಲ್ಲರಿಗೂ ಗೊತ್ತಿದ್ದ ವಿಷಯ. ಯಾರೂ ಕಾಗದದ ಮೇಲೆ ಹಾಕಿರಲಿಲ್ಲ, ಅಷ್ಟೇ. ಜೊತೆಯ ಮಂತ್ರಿಗಳಲ್ಲಿ ಹಲವರು ಕೆರಳಿದರು. ಅಕುನ್ಯಿಲಿಯನ್ನು ಮಂತ್ರಿ ಮಾಡಿದವರೇ ಆ ಅಧ್ಯಕ್ಷರು, ಉಪ್ಪುಂಡ ಮನೆಗೆ ಎರಡು ಬಗೆಯುವುದಾ ಅನ್ನುವ ಸಿಟ್ಟು. ಆರು ದಿನದ ಮೇಲೆ, ಫೆಬ್ರವರಿ 9ರಂದು, ಸಂಸತ್ತು ಜೋನಾಥನ್‌ಗೆ ಅಧಿಕಾರ ಒಪ್ಪಿಸಿತು. ಯಾರ್‌ಆದುವಾ ಮೇ 5ರಂದು ತೀರಿಕೊಂಡರು.

ಆ ಎರಡು ವರ್ಷದ ಮಂತ್ರಿಗಿರಿಯಲ್ಲಿ ನನಗೆ ಉಳಿಯುವುದು ಈ ಒಂದು ಟಿಪ್ಪಣಿ. ಘೋಷಣೆ ಎಲ್ಲೋ ಕಳೆದುಹೋಯಿತು.

ಆಮೇಲೆ ಮಂತ್ರಿ ಪದವಿ ಬಿಟ್ಟು, 2011ರಲ್ಲಿ ಅನಂಬ್ರಾದಿಂದ ಸೆನೆಟ್‌ಗೆ ನಿಂತರು. ಮಾಜಿ ಗವರ್ನರ್ ಕ್ರಿಸ್ ಎನ್‌ಗಿಗೆ ಎದುರು ಸೋತರು. ಕೋರ್ಟಿಗೂ ಹೋಗಿ ನೋಡಿದರು, ಆಗಲಿಲ್ಲ. ಅಷ್ಟರಲ್ಲಿ ಕ್ಯಾನ್ಸರ್. 2014ರ ಮಾರ್ಚ್‌ನಲ್ಲಿ ಅಬುಜಾದಲ್ಲಿ ರಾಷ್ಟ್ರೀಯ ಸಮ್ಮೇಳನಕ್ಕೆ ಪ್ರತಿನಿಧಿಯಾಗಿ ಬಂದಾಗಿನ ಚಿತ್ರಗಳಿವೆ. ಗುರುತೇ ಸಿಗುವುದಿಲ್ಲ. ಕೆನ್ನೆ ಒಳಗೆ ಹೋಗಿವೆ, ಬಟ್ಟೆ ಮೈಮೇಲೆ ತೂಗುಹಾಕಿದ ಹಾಗಿದೆ. ಆ ಸ್ಥಿತಿಯಲ್ಲಿ ಮನೆಯಲ್ಲಿ ಮಲಗಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ.

2021ರ ಸೆಪ್ಟೆಂಬರ್ 28ರಂದು ಅವರ ಗಂಡ ಡಾ. ಚಿಕೆಯವರನ್ನು ಓನಿಚಾ ಹತ್ತಿರದ ಎನ್‌ಕ್ಪೋರ್‌ನಲ್ಲಿ ಗುಂಡಿಟ್ಟು ಕೊಂದರು. ತೀರಿಹೋದ ಹೆಂಡತಿಗೆ ಅವರ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳು ಕೊಟ್ಟ ಗೌರವವನ್ನು ಅವರ ಪರವಾಗಿ ಪಡೆದು ವಾಪಸ್ ಬರುತ್ತಿದ್ದರು. ಇದನ್ನು ಪೇಪರಿನಲ್ಲಿ ಓದಿದ ದಿನ ಮೇಡಮ್ಮಿಗೆ ಫೋನ್ ಮಾಡಿದೆ. ಅವರಿಗೆ ಈಗ ಎಪ್ಪತ್ತು ದಾಟಿದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. "ಪಾಪ" ಅಂದರು.

ಆ ಮರುವರ್ಷ ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾ ದೇಶದಿಂದ ಸುದ್ದಿ ಬಂತು. ಎಪ್ಪತ್ತರಷ್ಟು ಮಕ್ಕಳು. ಹರಿಯಾಣದ ಕಂಪನಿಯೊಂದರ ನಾಲ್ಕು ಸಿರಪ್‌ಗಳಲ್ಲಿ ಅದೇ ಡೈಇಥಿಲೀನ್ ಗ್ಲೈಕಾಲ್ ಇತ್ತು ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರ ಅಕ್ಟೋಬರ್‌ನಲ್ಲಿ ಎಚ್ಚರಿಸಿತು. ಕಂಪನಿ ಒಪ್ಪಲಿಲ್ಲ, ನಮ್ಮ ಸರ್ಕಾರವೂ ಒಪ್ಪಲಿಲ್ಲ. 2024ರ ನವೆಂಬರ್, ಡಿಸೆಂಬರ್‌ನಲ್ಲಿ ನಮ್ಮ ಬಳ್ಳಾರಿಯಲ್ಲೇ ಸಿಸೇರಿಯನ್ ಆದ ತಾಯಂದಿರು ಒಬ್ಬರ ಹಿಂದೆ ಒಬ್ಬರು ಐದು ಜನ ತೀರಿಕೊಂಡರು. ಡ್ರಿಪ್ ಹಾಕಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಂತು. 147 ಬ್ರ್ಯಾಂಡಿನ ಆ ನೀರು ನೆನಪಾಗಿ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾರಾದಲ್ಲಿ ಮತ್ತೆ ಕೆಮ್ಮಿನ ಸಿರಪ್, ಮತ್ತೆ ಮಕ್ಕಳು. ತಮಿಳುನಾಡಿನ ಲ್ಯಾಬಿನ ಪರೀಕ್ಷೆಯಲ್ಲಿ ಅದರ ಅರ್ಧದಷ್ಟು ಡೈಇಥಿಲೀನ್ ಗ್ಲೈಕಾಲ್ ಇತ್ತು. ಡ್ರಮ್ಮಿನಿಂದ ಒಂದು ಚಮಚ ತೆಗೆದು ನೋಡಿದ್ದರೆ ಸಿಕ್ಕಿಬಿಡುತ್ತಿತ್ತು.

ಡೋರಾ ಅಕುನ್ಯಿಲಿ 2014ರ ಜೂನ್ 7ರಂದು ತೀರಿಕೊಂಡರು. 59 ವರ್ಷ. ಸತ್ತದ್ದು ನೈಜೀರಿಯಾದಲ್ಲಲ್ಲ, ಭಾರತದ ಒಂದು ಕ್ಯಾನ್ಸರ್ ಆಸ್ಪತ್ರೆಯಲ್ಲಿ. ಯಾವ ದೇಶದ ಮಾಲನ್ನು ಬಂದರಿನಲ್ಲೇ ತಡೆದು ನಿಲ್ಲಿಸುತ್ತಿದ್ದರೋ, ಕೊನೆಯ ಚಿಕಿತ್ಸೆಗೆ ಆ ದೇಶಕ್ಕೇ ಬಂದರು. ಇಲ್ಲಿನ ಡಾಕ್ಟರುಗಳನ್ನು, ಇಲ್ಲಿ ತಯಾರಾದ ಔಷಧಿಯನ್ನು ನಂಬಿ. ನನಗೆ ಆಗಾಗ ಒಂದು ಯೋಚನೆ ಬರುತ್ತದೆ. ಮಂಚದ ಪಕ್ಕ ನರ್ಸ್ ಇಟ್ಟು ಹೋದ ಮಾತ್ರೆಯ ಪಟ್ಟಿಯನ್ನು ಅವರು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿರುತ್ತಾರೆ, ಅಲ್ವಾ? ಕನ್ನಡಕ ಹಾಕಿಕೊಂಡು, ಬ್ಯಾಚ್ ನಂಬರ್, ತಯಾರಾದ ತಿಂಗಳು, ಮುಗಿಯುವ ತಿಂಗಳು, ಕಾರ್ಖಾನೆಯ ಊರು. ಆ ಪಟ್ಟಿಯ ಬ್ಯಾಚನ್ನು ಯಾವುದೋ ಊರಿನ ಲ್ಯಾಬಿನಲ್ಲಿ ನನ್ನಂಥ ಒಬ್ಬಳು ಪರೀಕ್ಷೆ ಮಾಡಿ, ಬಂದದ್ದನ್ನು ಬರೆದು, ಕೆಳಗೆ ಸಹಿ ಹಾಕಿರುತ್ತಾಳೆ.